ಫಿರಂಗಿ ಟೈಲರ್‌ನ ದಂಡಯಾತ್ರೆ

ಇಸ್ತ್ರಿ ಅಂಗಡಿಯಾಕೆ ಅವತ್ತಿನ ಪೇಪರನ್ನು ಗಟ್ಟಿಯಾಗಿ ಓದದೇ ಹೋಗಿದ್ದರೆ, ನಮ್ಮ ಟೈಲರ್ ಆ ಶನಿವಾರ ಸುಖವಾಗಿ ಎರಡು ಪ್ಯಾಂಟು ಮುಗಿಸುತ್ತಿದ್ದ. ಆದರೆ ಆಕೆ ಓದಿಯೇಬಿಟ್ಟಳು.

"ಅಯ್ಯೋ, ಆ ಹಳೇ ಯುದ್ಧಭೂಮೀನ ಪಾರ್ಕ್ ಮಾಡಿದಾರಂತೆ! ನಾಳೆಯಿಂದ ಒಳಗೆ ಬಿಡ್ತಾರಂತೆ. ಅಣ್ಣಾ, ನಿಮ್ ಫಿರಂಗಿ ಇರೋ ಜಾಗ ಅಲ್ವಾ?"

'ನಿಮ್ ಫಿರಂಗಿ' ಎಂದದ್ದು ಸುಮ್ಮನಲ್ಲ. ಹತ್ತನೇ ವಯಸ್ಸಿನಲ್ಲಿ ಶಾಲೆಯ ಪ್ರವಾಸಕ್ಕೆ ಹೋಗಿ, ಆನೆ ನುಗ್ಗುವಷ್ಟು ದೊಡ್ಡ ಬಾಯಿಯ ಫಿರಂಗಿಯ ಮೇಲೆ ಕೂತು ಬಂದ ಕತೆಯನ್ನು ಟೈಲರ್ ನಲವತ್ತು ವರ್ಷಗಳಿಂದ ಅಳತೆ ತೆಗೆಯುತ್ತ ತೆಗೆಯುತ್ತ ಹೇಳಿಕೊಂಡು ಬಂದಿದ್ದ. ಬೀದಿಯವರು ಅವನನ್ನು ಫಿರಂಗಿ ಟೈಲರ್ ಎಂದೇ ಕರೆಯುತ್ತಿದ್ದರು. ಹೆಂಡತಿಯಂತೂ ಮದುವೆಗೆ ಮುಂಚೆಯೇ ಆ ಕತೆಗೆ ಮರುಳಾಗಿದ್ದಳು.

ಪಾಪ, ನಿಜ ಏನೆಂದರೆ ಅವನು ಆ ಫಿರಂಗಿಯನ್ನು ನೋಡೇ ಇರಲಿಲ್ಲ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ಬಸ್ಸಿನ ಹಿಂದಿನ ಸೀಟಿನಲ್ಲೇ ಮಲಗಿಬಿಟ್ಟಿದ್ದ. ಟೀಚರ್ ಒದ್ದೆ ಕರವಸ್ತ್ರ ಹಣೆಗಿಟ್ಟು, ಹಾಜರಿ ಪುಸ್ತಕದಿಂದ ಗಾಳಿ ಹಾಕಿದ್ದರು. ಆ ತಂಪು ಅವನಿಗೆ ಇವತ್ತಿಗೂ ನೆನಪಿದೆ. ಗೆಳೆಯರು ಬಂದು ಹೇಳಿದ್ದನ್ನೆಲ್ಲ ಒಂದಕ್ಕೊಂದು ಹೊಲಿದು ಪ್ರಬಂಧ ಬರೆದ. ಮೊದಲ ಬಹುಮಾನ ಬಂತು. ಆಮೇಲೆ ನಿಜ ಹೇಳುವುದಾದರೂ ಹೇಗೆ?

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಪೋಸ್ಟ್‌ಮಾಸ್ಟರು ವ್ಯಾನು ಗೊತ್ತುಮಾಡಿಯಾಗಿತ್ತು. "ಗೈಡ್ ಯಾಕ್ರೀ ಬೇಕು? ನಮ್ ಟೈಲರ್ ಇಲ್ವಾ? ಕಣ್ಣು ಕಟ್ಟಿ ಬಿಟ್ರೂ ದಾರಿ ತೋರಿಸ್ತಾರೆ!"

"ಹೊಲಿಗೆ ರಾಶಿ ಬಿದ್ದಿದೆ ಸಾರ್," ಎಂದ ಟೈಲರ್.

ರಾಶಿಯ ಗಿರಾಕಿಗಳೆಲ್ಲ ಅಲ್ಲೇ ನಿಂತಿದ್ದರು. "ನಮ್ದೇ ತಾನೆ? ಮುಂದಿನ ವಾರ ಕೊಟ್ರಾಯ್ತು ಬಿಡಿ!"

ಹೆಂಡತಿ ಒಳಗಿಂದಲೇ ಕೂಗಿದಳು: "ರೀ, ನೀವು ಕೂತಿದ್ದ ಫಿರಂಗಿ ಮೇಲೆ ನಾನೂ ಕೂತು ಫೋಟೋ ತೆಗೆಸ್ಕೋಬೇಕು!"

ಟೈಲರ್ ಬೆವರು ಒರೆಸಿಕೊಂಡ. ಬೆಳಿಗ್ಗೆ ಎದ್ದ ಕೂಡಲೇ ಮೊಣಕಾಲು ಹಿಡಿದುಕೊಂಡು ನರಳುವುದು ಎಂದು ತೀರ್ಮಾನಿಸಿದ ಮೇಲೆ ಜೀವಕ್ಕೆ ಕೊಂಚ ಸಮಾಧಾನವಾಯಿತು.

ಸಂಜೆ ಪೋಸ್ಟ್‌ಮಾಸ್ಟರು ಮತ್ತೆ ಬಂದರು. "ನಿಮ್ ಹಳೇ ಟೀಚರ್‌ನೂ ಕರೆದಿದೀನಿ ಕಣ್ರೀ. ಮುಂದಿನ ಸೀಟು ಅವರಿಗೇ!"

ಆ ಬಸ್ಸಿನಲ್ಲಿದ್ದ ಗೆಳೆಯರೆಲ್ಲ ಎಂದೋ ಊರು ಬಿಟ್ಟಿದ್ದರು. ಈಗ ಊರಿನಲ್ಲಿ ಟೈಲರ್‌ನ ಸುಳ್ಳು ಬಲ್ಲವರು ಟೀಚರೊಬ್ಬರೇ. ಕೊರಳಲ್ಲಿದ್ದ ಟೇಪನ್ನೂ ತೆಗೆಯದೆ ಅವರ ಮನೆಗೆ ಓಡಿದ.

"ಟೀಚರ್, ನಿಮ್ ಕಾಲಿಗೆ ಬೀಳ್ತೀನಿ. ಅವತ್ತು ನಾನು ಬಸ್ಸಿಂದ ಇಳೀಲೇ ಇಲ್ಲ ಅಂತ ಯಾರಿಗೂ ಹೇಳ್ಬೇಡಿ. ಮಾನ ಹೋಗತ್ತೆ!"

ಟೀಚರ್ ಬಾಗಿಲು ಹಾಕಿ ದನಿ ತಗ್ಗಿಸಿದರು. "ನಿನ್ ಪಕ್ಕ ಕೂತು ಗಾಳಿ ಹಾಕಿದ್ದು ಯಾರೋ?"

"ನೀವು."

"ಹಾಗಾದ್ರೆ ನಾನು ಯಾವಾಗ ಇಳಿದೆ, ದಡ್ಡ?"

"ಅಂದ್ರೆ ನೀವೂ ನೋಡಿಲ್ವಾ ಟೀಚರ್?"

"ಮೂವತ್ತು ವರ್ಷ ಮಕ್ಕಳಿಗೆ ಆ ಯುದ್ಧದ ಪಾಠ ಮಾಡಿದೆ. 'ನೀವು ನೋಡಿದೀರಾ ಟೀಚರ್?' ಅಂದ್ರೆ ಹೂಂ ಅಂತಿದ್ದೆ. ಆ ಆನೆ ನುಗ್ಗೋ ಬಾಯಿ, ಎಲ್ಲಾ ನಿನ್ ಪ್ರಬಂಧದಿಂದ ಕದ್ದಿದ್ದೇ ಕಣೋ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಟೈಲರ್‌ಗೆ ಮತ್ತೆ ಆ ಹಿಂದಿನ ಸೀಟಿನಲ್ಲಿ ಮಲಗಿದಂತೆ ಹಾಯೆನಿಸಿತು.

"ಸರಿ ಟೀಚರ್, ನಾಳೆ ಇಬ್ರೂ ಸೇರಿ ಹೇಗೋ ನಿಭಾಯಿಸೋಣ."

"ಇಬ್ರಾ? ನಾನು ಬರಲ್ಲ ಅಂತ ಈಗಷ್ಟೇ ಪೋಸ್ಟ್‌ಮಾಸ್ಟರಿಗೆ ಫೋನ್ ಮಾಡ್ದೆ. ನನ್ ಬದಲು ನೀನೇ ಎಲ್ಲಾ ವಿವರಿಸ್ತೀಯ ಅಂತಾನೂ ಹೇಳಿದೀನಿ. ಚೆನ್ನಾಗಿ ನೋಡ್ಕೊಂಡು ಬಂದು ನಂಗೂ ಹೇಳು."

"ಏನು ನೆವ ಹೇಳಿದ್ರಿ ಟೀಚರ್?"

"ಮೊಣಕಾಲು ನೋವು," ಎಂದರು ಟೀಚರ್.