ಎರಡೇ ಎಲೆಯ ಆಟ

ಹೋದ ತಿಂಗಳು ಒಂದು ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಬಾಗಿಲಿಗೆ ರಂಗೋಲಿ ಎಳೆದು, ಎರಡು ಲೋಟ ಕಾಫಿ ಹಿಡಿದು ಜಗಲಿಗೆ ಬಂದವಳು ಅಲ್ಲೇ ಕಲ್ಲಾದೆ. ನಮ್ಮ ಮಾವ ಜೂಜಾಡುತ್ತಿದ್ದರು! ಅದೂ ಯಾರ ಜೊತೆ? ನಮ್ಮ ಅತ್ತೆಯ ಜೊತೆ! ಹೂವಿನ ತಟ್ಟೆಯ ಮೇಲೆ ಇಸ್ಪೀಟು, ಪಣಕ್ಕೆ ನನ್ನ ಮಗಳ ಚನ್ನಪಟ್ಟಣದ ಆಟಿಕೆಯ ಬಣ್ಣದ ಬಿಲ್ಲೆಗಳು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಇಸ್ಪೀಟನ್ನು ಸೈತಾನನ ಪ್ರಾರ್ಥನಾ ಪುಸ್ತಕ ಎನ್ನುತ್ತಿದ್ದರು. ಆ ಪುಸ್ತಕ ನಮ್ಮ ಜಗಲಿಯಲ್ಲೇ ಪಾರಾಯಣವಾಗುತ್ತಿದೆ!

“ಇದು ಪೋಕರ್ ಕಣವ್ವ. ಮೊಬೈಲ್ ನೋಡ್ಕಂಡು ಕಲ್ತೆ,” ಎಂದರು ಮಾವ, ಉಪ್ಪಿಟ್ಟು ಎಂದಷ್ಟು ಸಲೀಸಾಗಿ. “ಕೈಗೆ ಎರಡೆಲೆ. ಚೆನ್ನಾಗಿದ್ರೆ ಆಡು, ಇಲ್ದಿದ್ರೆ ಎಸಿ. ಎಕ್ಕದ ಜೋಡಿ ಬಂದ್ರೆ ಕಣ್ಮುಚ್ಕಂಡ್ ಆಡು!”

ಎಸೆಯುವುದರಲ್ಲಿ ಮಾವನನ್ನು ಮೀರಿಸುವವರುಂಟೇ? ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ‘ಬ್ಯಾಡ’ ಎನ್ನುತ್ತಲೇ ಆಯುಷ್ಯ ಕಳೆದವರು. ಬದನೆಕಾಯಿ ಆರಿಸಲು ಕೂತರೆ ಅಂಗಡಿಯವನು ಬಾಗಿಲು ಹಾಕಿದರೂ ಏಳುವುದಿಲ್ಲ. ಹೆಣ್ಣು ನೋಡಲು ಬಂದಾಗ ನನ್ನನ್ನು ಹೇಗೆ ಒಪ್ಪಿದರೋ!

“ರಾಣಿ, ಒಂಬತ್ತು... ಬ್ಯಾಡ.” ಎಸೆದರು. “ಗುಲಾಮ, ನಾಲ್ಕು... ಥೂ!” ಎಸೆದರು.

ಅತ್ತೆ ಏನು ಬಂದರೂ ಆಡುವವರೇ. “ಮನೇಗ್ ಬಂದೋರ್ನ ವಾಪಸ್ ಕಳ್ಸೋದು ನಿಮ್ ವಂಶದ ಬುದ್ಧಿ. ನಮ್ದಲ್ಲ!”

ಲಕ್ವ ಹೊಡೆದ ಮೇಲೆ ಅತ್ತೆಗೆ ಬಲಗೈ ಬೆರಳು ಮಡಿಸಲಾಗುತ್ತಿರಲಿಲ್ಲ. ಕೆಲಸ ಕೊಡದಿದ್ದರೆ ಹಾಗೇ ಮರಗಟ್ಟುತ್ತದೆ ಎಂದು ವೈದ್ಯರು ಅಮುಕಲು ರಬ್ಬರ್ ಚೆಂಡು ಕೊಟ್ಟಿದ್ದರು. “ನಾನೇನ್ ಕೂಸಾ?” ಎಂದು ಅತ್ತೆ ಅದನ್ನು ನಾಯಿಗೆ ಕೊಟ್ಟರು. ನಾಯಿಯ ದವಡೆ ಈಗ ಬಹಳ ಗಟ್ಟಿ! ಎಲೆ ಹಿಡಿಯಲು ಅತ್ತೆ ಎಡಗೈ ಚಾಚಿದರೆ ಸಾಕು, ಮಾವ “ಎಡಗೈಲಿ ಹಿಡಿದ್ರೆ ಆಟ ಕೆಟ್ಟೋಯ್ತದೆ!” ಎಂದು ಗದರಿ, ಜಾರಿಬಿದ್ದ ಎಲೆಗಳನ್ನು ಮತ್ತೆ ಬಲಗೈ ಬೆರಳ ಸಂದಿಗೇ ಸಿಕ್ಕಿಸುತ್ತಿದ್ದರು.

ಕಾಫಿ ಇಡುವಾಗ ಮಾವನ ಎಲೆ ಕಣ್ಣಿಗೆ ಬಿತ್ತು. ಎರಡೂ ಎಕ್ಕ! ಮಾವ ಮುಖ ಹುಳ್ಳಗೆ ಮಾಡಿ, “ಬ್ಯಾಡ” ಎಂದು ಕವುಚಿ ಎಸೆದೇಬಿಟ್ಟರು! ಅತ್ತೆ ಮೊಣಕೈಯಿಂದ ಬಿಲ್ಲೆಗಳನ್ನು ಬಾಚಿಕೊಂಡು, “ಪುಕ್ಕಲ!” ಎಂದು ನಕ್ಕರು.

ಲೋಟ ಇಡಲು ಮಾವ ಅಡುಗೆಮನೆಗೆ ಬಂದಾಗ ಹಿಡಿದುಕೊಂಡೆ. “ಎಕ್ಕದ ಜೋಡಿಯನ್ನೇ ಎಸೆದಿರಲ್ಲ ಮಾವ!”

“ಮೆತ್ತಗೆ ಮಾತಾಡವ್ವ. ಸೋತ್ರೆ ನಾಳೆ ಆಡಾಕಿಲ್ಲ ಅಂತಾಳೆ.”

“ನಿಮಗೆ ರಮ್ಮಿ ಬರುತ್ತಲ್ಲ, ಅದನ್ನೇ ಆಡಿಸಬಹುದಿತ್ತು.”

“ಅದ್ಕೆ ಹದಿಮೂರು ಎಲೆ ಹಿಡೀಬೇಕು. ಇದ್ಕೆ ಎರಡೇ ಸಾಕು.”

ನಾನು ತಿರುಗಿ ಒಲೆಯ ಉರಿ ಸಣ್ಣ ಮಾಡಿದೆ.

ಮೊನ್ನೆ ಸಂಜೆ ತುಳಸಿಗೆ ದೀಪ ಹಚ್ಚುತ್ತಿದ್ದೆ. ರೇಷ್ಮೆ ನೂಲು ತೆಗೆಯುವ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಒಂದು ಇಸ್ಪೀಟು ಎಲೆ ಚಾಚಿದಳು.

“ತಗೊಳ್ಳಿ ಅಕ್ಕಾ. ನಿಮ್ ಮಾವನ ಹಂಗೆ ಈಗ ನಿಮ್ಮತ್ತೇನೂ ಚೆನ್ನಾಗಿಲ್ಲ ಅಂತ ಎಸೆಯೋದು ಕಲ್ತವ್ರೆ; ಇದು ನಮ್ ಅಂಗ್ಳಕ್ಕೇ ಬಂದು ಬಿತ್ತು. ಆ ಬಲಗೈಲಿ ಒಸಿ ಮೆಲ್ಲಗೆ ಎಸೀರಿ ಅನ್ನಿ.”