ಮಾಸ್ಕಿನೊಳಗೆ ಸಿಕ್ಕಿಕೊಂಡ ಮಕಾರ

ಟೀಚರ್ ಕೆಲಸದಷ್ಟು ಅಪಾಯವಿಲ್ಲದ ಕೆಲಸ ಇನ್ನೊಂದಿಲ್ಲವೆಂದು ಜನ ನಂಬಿದ್ದಾರೆ. ಇಪ್ಪತ್ತೆರಡು ವರ್ಷ ನಾನೂ ಹಾಗೆಯೇ ನಂಬಿದ್ದೆ. ಹೆಚ್ಚೆಂದರೆ ಸೀಮೆಸುಣ್ಣದ ಪುಡಿಗೆ ನಾಲ್ಕು ಸೀನು ಬರಬಹುದು, ಒಂದನೇ ತರಗತಿಯವರ ಗಲಾಟೆಗೆ ತಲೆ ಸಿಡಿಯಬಹುದು, ಅಷ್ಟೆ. ನನ್ನ ಯಜಮಾನರು ನಾಗರಾಜು ರಾಮನಗರದ ಕಡೆಯವರು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಬೆಳಿಗ್ಗೆ ಮತ್ತಿಗಿರಿಯ ಮನೆಯಿಂದ ಇಬ್ಬರೂ ಒಟ್ಟಿಗೇ ಹೊರಡುತ್ತೇವೆ. ಅವರ ಕಾಲಿಗೆ ಮುಂದೆ ಕಬ್ಬಿಣ ಕೂರಿಸಿದ ಬೂಟು, ಕೈಯಲ್ಲಿ ಹೆಲ್ಮೆಟ್ಟು. ನೋಡಿದರೆ ಯುದ್ಧಕ್ಕೆ ಹೊರಟವರ ಹಾಗೆ. ನಾನು ಊಟದ ಡಬ್ಬಿ, ಕೊಡೆ ಹಿಡಿದುಕೊಂಡು ನೆಂಟರ ಮನೆಗೆ ಹೊರಟವಳ ಹಾಗೆ. ಅವರ ಕಾರ್ಖಾನೆಯಲ್ಲಿ ಒಂದು ವಿಚಿತ್ರ ಪದ್ಧತಿಯಿದೆ. ಯಾರಿಗಾದರೂ ಏಟು ಬಿದ್ದರೆ ಬರೆದಿಡುವುದು ಸರಿ, ಏಟು ಬೀಳುವುದು ಸ್ವಲ್ಪದರಲ್ಲಿ ತಪ್ಪಿದರೂ ಬರೆದಿಡಬೇಕಂತೆ. ಇದನ್ನು ಕೇಳಿದ ದಿನ ನನಗೆ ತಡೆಯಲಾರದ ಕುತೂಹಲವಾಯಿತು. ನನ್ನ ಶಾಲೆಯ ಲೆಕ್ಕ ಹಾಕಿ ನೋಡಿದೆ. ನಾನು ಎದ್ದು ಹೋದ ಮರುಕ್ಷಣ ಕುರ್ಚಿಯ ಮೇಲೆ ಬಿದ್ದ ಹೆಂಚು, ಹಾಜರಿ ಪುಸ್ತಕದ ಪಕ್ಕ ಸುರುಳಿ ಸುತ್ತಿ ಮಲಗಿದ್ದ ಹಾವು, ಸುಣ್ಣ ಬಳಿಯುವವರು ಸುಮ್ಮನೆ ಗೋಡೆಗೆ ಒರಗಿಸಿ ಹೋಗಿದ್ದ ಕಪ್ಪುಹಲಗೆ. ನಾಗರಾಜು ಅಷ್ಟನ್ನೂ ಕೇಳಿ, “ನಿಮ್ ಸ್ಕೂಲು ನಮ್ ಫ್ಯಾಕ್ಟ್ರಿ ಆಗಿದ್ರೆ ಎಂದೋ ಬೀಗ ಹಾಕ್ಸೋರು ಕಣೇ” ಎಂದರು.

ಬೀಗ ಬೇರೆಯದೇ ಕಾರಣಕ್ಕೆ ಬಿತ್ತು. ಕೊರೊನಾ ಬಂದು, ಶಾಲೆ ಮುಚ್ಚಿ, ಮಕ್ಕಳು ಟೀಚರನ್ನೂ ಟೀಚರು ಮಕ್ಕಳನ್ನೂ ಮರೆಯುವಷ್ಟು ಕಾಲ ಕಳೆದ ಮೇಲೆ ಮತ್ತೆ ತೆರೆಯಿತು. ನಮ್ಮದು ತಮಿಳುನಾಡಿನ ಗಡಿಯೊಳಗೆ, ಕೆಲಮಂಗಲದ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆ. ಇಬ್ಬರೇ ಟೀಚರು. ಮೇಲಿನ ತರಗತಿಗಳಿಗೆ ಹೆಡ್ ಮಿಸ್ಟ್ರೆಸ್ ಸರೋಜಮ್ಮ, ಕೆಳಗಿನ ಒಂದು, ಎರಡಕ್ಕೆ ನಾನು. ಮಧ್ಯಾಹ್ನದ ಅಡುಗೆಗೆ ಅದೇ ಊರಿನ ಮುನಿಯಮ್ಮ. ಸರೋಜಮ್ಮನವರ ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತು. ಸಕ್ಕರೆ ಕಾಯಿಲೆ, ಜೊತೆಗೆ ಚಳಿ ಬಂತೆಂದರೆ ಉಬ್ಬಸ. ಅವರ ಸ್ವಂತ ತಮ್ಮ ಕೊರೊನಾದಲ್ಲೇ ತೀರಿಕೊಂಡಿದ್ದರು. ಅದರ ಬಗ್ಗೆ ಅವರು ಒಂದು ಮಾತೂ ಆಡುತ್ತಿರಲಿಲ್ಲ. ಯಾರಾದರೂ ಕೆಮ್ಮಿದರೆ ಮಾತ್ರ ಕೈಯಲ್ಲಿದ್ದ ಪುಸ್ತಕ ಮುಚ್ಚಿ ಆ ಕಡೆ ನೋಡುತ್ತಿದ್ದರು.

ಶಾಲೆ ತೆರೆಯುವ ಮುಂಚೆ ಅವರು ಕೃಷ್ಣಗಿರಿಯ ಮೀಟಿಂಗಿಗೆ ಹೋಗಿ ಒಂದು ಡಬ್ಬ ತಂದರು. ಅದರಲ್ಲಿ ಜ್ವರ ನೋಡುವ ಪಿಸ್ತೂಲು, ಕೈಗೆ ಹಾಕುವ ಸ್ಯಾನಿಟೈಸರಿನ ಕ್ಯಾನು, ತಮಿಳಿನಲ್ಲಿ ಅಚ್ಚಾದ ನಾಲ್ಕು ಪುಟದ ಸುತ್ತೋಲೆ. ಮುಚ್ಚಿದ ಡಬ್ಬ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ಹಣೆಗೇ ಯಾಕೆ ಹಿಡಿಯಬೇಕು, ಬಿಸಿಲಲ್ಲಿ ನಡೆದು ಬಂದ ಮಗುವಿಗೆ ಏನು ತೋರಿಸುತ್ತದೆ, ಬೆವರಿದ ಹಣೆಯಾದರೆ ಹೇಗೆ ಎಂದು ಒಂದೊಂದೇ ಕೇಳುತ್ತಾ ಹೋದೆ. ಸರೋಜಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಗಿರಿಜಾ, ಇಷ್ಟೊಂದ್ ಕೇಳ್ತೀಯಲ್ಲ, ಇದಕ್ಕೆಲ್ಲ ನೀನೇ ಜವಾಬ್ದಾರಿ ತಗೊ” ಎಂದರು. ಹೀಗೆ ನಾನು ಶಾಲೆಯ ಸುರಕ್ಷತೆಯ ಹೊಣೆಗಾರಳಾದೆ. ಸುತ್ತೋಲೆಯಲ್ಲಿ ಸುರಕ್ಷತೆಗೆ ‘ಪಾದುಕಾಪ್ಪು’ ಎಂದಿತ್ತು. ಸಂಜೆ ಮನೆಯಲ್ಲಿ ಹೆಮ್ಮೆಯಿಂದ ಓದಿ ಹೇಳಿದರೆ, ತಮಿಳು ಇನ್ನೂ ಅರ್ಧಂಬರ್ಧ ಕಲಿತಿರುವ ನಾಗರಾಜು, “ಪಾದುಕೆ ಕಾಯೋ ಕೆಲ್ಸಾನಾ? ದೇವಸ್ಥಾನದ ಮುಂದೆ ಚಪ್ಪಲಿ ಹತ್ರ ಕೂತಿರ್ತಾರಲ್ಲ, ಹಂಗಾ?” ಎಂದು ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿಯೋ ನನಗೆ ಇಂದಿಗೂ ಗೊತ್ತಿಲ್ಲ.

ಹುದ್ದೆಯನ್ನು ನಾನು ಬಲು ಶ್ರದ್ಧೆಯಿಂದಲೇ ನಿಭಾಯಿಸಿದೆ. ಅಂಗಳದಲ್ಲಿ ಸುಣ್ಣದ ವೃತ್ತ ಎಳೆದೆ, ಕಿಟಕಿಗಳೆಲ್ಲ ತೆರೆದಿರುವಂತೆ ಕಲ್ಲು ಕೊಟ್ಟು ನಿಲ್ಲಿಸಿದೆ, ಮೂಗಿನಿಂದ ಮಾಸ್ಕು ಜಾರಿದವರನ್ನು ಹೆಸರು ಹಿಡಿದು ಕೂಗಿದೆ. ಪಿಸ್ತೂಲು ಮಾತ್ರ ಯಾರ ಹಣೆಗೆ ಹಿಡಿದರೂ ತೊಂಬತ್ತಾರು ಎನ್ನುತ್ತಿತ್ತು. ಒಂದು ದಿನ ಕುತೂಹಲಕ್ಕೆ ಗೋಡೆಗೆ ಹಿಡಿದೆ. ಗೋಡೆಗೂ ತೊಂಬತ್ತಾರು. ಗೋಡೆ ಆರೋಗ್ಯವಾಗಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡೆ.

ನಿಜವಾದ ತೊಂದರೆ ಶುರುವಾದದ್ದು ಉಕ್ತಲೇಖನದಿಂದ. ನಮ್ಮ ಮಕ್ಕಳಲ್ಲಿ ಕೆಲವರಿಗೆ ಮನೆಮಾತು ತೆಲುಗು, ಕೆಲವರಿಗೆ ತಮಿಳು, ಉಳಿದವರಿಗೆ ಕನ್ನಡ. ಬೀದಿಯಲ್ಲಿ ಎಲ್ಲರಿಗೂ ಮೂರೂ ಬೇಕು. ಎರಡನೇ ತರಗತಿಯವರು ಕೂಡ ಶಾಲೆಯ ಬಾಗಿಲು ಕಂಡದ್ದು ಅದೇ ಮೊದಲು. ಎರಡು ತಿಂಗಳು ಅಕ್ಷರ ತಿದ್ದಿಸಿದ ಮೇಲೆ ಧೈರ್ಯ ಮಾಡಿ ಒಂದು ವಾಕ್ಯ ಹೇಳಿದೆ: ‘ಮಾವು ಕೃಷ್ಣಗಿರಿಯಲ್ಲಿ ಬೆಳೆಯುತ್ತದೆ.’ ಕೃಷ್ಣಗಿರಿಯನ್ನು ಬೋರ್ಡಿನ ಮೇಲೆ ನಾನೇ ಬರೆದುಕೊಟ್ಟಿದ್ದೆ, ಅಷ್ಟು ಕನಿಕರ ನನಗಿತ್ತು. ಪುಸ್ತಕ ತೆಗೆದು ನೋಡಿದರೆ ಹನ್ನೊಂದು ಮಕ್ಕಳಲ್ಲಿ ಏಳು ಮಂದಿ ‘ನಾವು ಕೃಷ್ಣಗಿರಿಯಲ್ಲಿ ಬೆಳೆಯುತ್ತದೆ’ ಎಂದು ಬರೆದಿದ್ದರು. ಮರುದಿನ ‘ಕುರಿಮರಿ’ ಕೊಟ್ಟೆ, ‘ಕುರಿನರಿ’ ಬಂತು. ‘ದನ’ ಕೊಟ್ಟೆ, ‘ಬನ’ ಬಂತು. ಮೊದಲು ಮಕ್ಕಳ ಮೇಲೆ ರೇಗಿದೆ. ಆಮೇಲೆ ತಪ್ಪುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಅವು ಬೇಕಾಬಿಟ್ಟಿ ತಪ್ಪುಗಳಲ್ಲ ಎನ್ನಿಸಿತು. ಮ ಹೋಗಿ ನ ಆಗುತ್ತಿತ್ತು, ದ ಹೋಗಿ ಬ ಆಗುತ್ತಿತ್ತು. ಇಷ್ಟು ಮಂದಿ ಒಂದೇ ರೀತಿ ತಪ್ಪಬೇಕಾದರೆ ತಪ್ಪು ಅವರದಾಗಿರಲಾರದು.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ‘ಮ’ ಎಂದೆ, ‘ನ’ ಎಂದೆ. ಮ ಎನ್ನುವಾಗ ತುಟಿ ಕೂಡುತ್ತದೆ, ನ ಎನ್ನುವಾಗ ತೆರೆದೇ ಇರುತ್ತದೆ. ಇಪ್ಪತ್ತೆರಡು ವರ್ಷ ಅಕ್ಷರ ಕಲಿಸಿದವಳು ನನ್ನ ತುಟಿ ಏನು ಮಾಡುತ್ತಿದೆ ಎಂದು ಒಂದು ದಿನವೂ ನೋಡಿರಲಿಲ್ಲ. ಮಕ್ಕಳು ಮಾತ್ರ ನೋಡುತ್ತಿದ್ದರು. ಅರ್ಧ ಕಿವಿಯಿಂದ, ಅರ್ಧ ಕಣ್ಣಿನಿಂದ ಕಲಿಯುತ್ತಿದ್ದರು. ಈಗ ಆ ಅರ್ಧಕ್ಕೆ ನಾವು ಬಟ್ಟೆ ಕಟ್ಟಿದ್ದೆವು. ಖಾತ್ರಿ ಮಾಡಿಕೊಳ್ಳಲು ಎರಡು ಮಾಸ್ಕು ಹಾಕಿಕೊಂಡು ಅಡುಗೆಮನೆಯಿಂದ, “ಮೊಸರು ಹಾಕ್ಲಾ?” ಎಂದು ಕೇಳಿದೆ. ನಾಗರಾಜು ತಟ್ಟೆಯ ಮುಂದೆ ಸ್ವಲ್ಪ ಹೊತ್ತು ಯೋಚಿಸಿ, “ನೊಸರು ಅಂದ್ರೆ ಯಾವ್ದೇ ಅದು, ನಿಮ್ ಕಡೆ ಪದಾರ್ಥನಾ?” ಎಂದರು. ಪ್ರಯೋಗ ಯಶಸ್ವಿಯಾಯಿತು.

ಮಾರನೆಯ ದಿನ ಹತ್ತು ಗಂಟೆಗೆ, ಸರೋಜಮ್ಮ ಆಚೆ ಕೋಣೆಯಲ್ಲಿ ಪಾಠ ಶುರು ಮಾಡಿದ ಮೇಲೆ, ನಾನು ಕಿಟಕಿಯ ಹತ್ತಿರ ಹೋಗಿ ಮಾಸ್ಕನ್ನು ಗದ್ದಕ್ಕೆ ಇಳಿಸಿದೆ. “ನನ್ ಬಾಯಿ ನೋಡ್ರಪ್ಪ. ಮ…” ಎಂದೆ. ಯಾರೂ ಮ ಎನ್ನಲಿಲ್ಲ. ತರಗತಿಗೆ ತರಗತಿಯೇ ಕಣ್ಣರಳಿಸಿ ನೋಡುತ್ತಿತ್ತು. ಅವರು ನನ್ನ ಮುಖ ನೋಡಿದ್ದು ಅದೇ ಮೊದಲ ಸಲ ಎಂಬುದು ಆಗ ಹೊಳೆಯಿತು. ಒಂದನೇ ತರಗತಿಯ ನಂದಿನಿ, ಮುಂದಿನ ಎರಡು ಹಲ್ಲು ಬಿದ್ದು ಬಾಗಿಲು ತೆರೆದಿದ್ದ ಹುಡುಗಿ, ಪಕ್ಕದವನನ್ನು ತಿವಿದು, “ಟೀಚರ್ಗೂ ಹಲ್ಲು ಬಿದ್ದೋಗೈತೆ ಕಣ್ಲಾ” ಎಂದಳು. ನಿಜ. ಶಾಲೆ ಮುಚ್ಚಿದ್ದಾಗ ಒಂದು ಹಲ್ಲು ಕೀಳಿಸಿದ್ದೆ; ಮಾಸ್ಕಿನ ದಯೆಯಿಂದ ಅದು ಯಾರಿಗೂ ತಿಳಿದಿರಲಿಲ್ಲ. ಆದರೆ ಆ ಮಾತಿನಿಂದ ಮಕ್ಕಳಿಗೂ ನನಗೂ ಅದೇನೋ ಒಂದು ನೆಂಟಸ್ತನ ಬೆಳೆಯಿತು. ವಾರದೊಳಗೆ ಮಾವು ಮಾವಾಯಿತು, ನರಿ ಕಾಡಿಗೆ ಹೋಯಿತು.

ಅಂದಿನಿಂದ ಹೊಣೆಗಾರಳಾದ ನಾನೇ ದಿನಾ ಹತ್ತು ಗಂಟೆಗೆ ನಿಯಮ ಮುರಿಯತೊಡಗಿದೆ. ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತ ಮುನಿಯಮ್ಮ ಕಾವಲು. “ದೊಡ್ ಟೀಚರು ಬತ್ತಾವ್ರೆ” ಎಂದು ಅವಳು ಸೊಪ್ಪಿಗೆ ಹೇಳಿದ ಹಾಗೆ ಹೇಳಿದರೆ ನನ್ನ ಮಾಸ್ಕು ಮೇಲೇರುತ್ತಿತ್ತು. ಸರೋಜಮ್ಮನವರೂ ಆ ದಿನಗಳಲ್ಲೇ ತಮ್ಮ ಕುರ್ಚಿಯನ್ನು ಕೋಣೆಯಿಂದ ಹೊರಗೆ ಹೊಂಗೆಮರದ ಕೆಳಗೆ ಹಾಕಿಸಿಕೊಂಡರು. ಗಾಳಿಗೆ ಇರಬೇಕೆಂದುಕೊಂಡೆ.

ಒಂದು ಗುರುವಾರ ಎದ್ದಾಗ ಗಂಟಲು ಕೆರೆಯುತ್ತಿತ್ತು. ಸೀಮೆಸುಣ್ಣ ಎಂದುಕೊಂಡೆ. ಪಿಸ್ತೂಲು ತೊಂಬತ್ತಾರು ಎಂದಿತು. ಗೋಡೆಗೂ ಅಷ್ಟೇ ಹೇಳುವ ಪಿಸ್ತೂಲು ಅದು ಎಂದು ಗೊತ್ತಿದ್ದವಳು ನಾನೊಬ್ಬಳೇ, ಆದರೂ ಆ ದಿನ ಅದರ ಮಾತನ್ನು ನಂಬಿದೆ. ಹತ್ತು ಗಂಟೆಗೆ ಎಂದಿನಂತೆ ಮಾಸ್ಕು ಇಳಿಸಿ ಪ, ಬ, ಮ ಹೇಳಿಕೊಟ್ಟೆ. ಸಂಜೆ ಬಸ್ಸಿನಲ್ಲಿ ಕೈಕಾಲು ನೋವು, ಮನೆ ಸೇರುವಷ್ಟರಲ್ಲಿ ಮೈ ಸುಡುತ್ತಿತ್ತು. ಮಾರನೆಯ ದಿನ ಆಸ್ಪತ್ರೆಯಲ್ಲಿ ಮೂಗಿಗೆ ಕಡ್ಡಿ ಹಾಕಿ ನೋಡಿದರು. ಕೊರೊನಾ ಇತ್ತು.

ಎರಡು ಇಂಜೆಕ್ಷನ್ನೂ ಆಗಿತ್ತಾದ್ದರಿಂದ ಜ್ವರ ನನ್ನನ್ನು ಹೆಚ್ಚು ಕಾಡಲಿಲ್ಲ. ಹಿಂದಿನ ಕೋಣೆಯಲ್ಲಿ ಮಲಗಿದೆ. ನಾಗರಾಜು ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು, ಕಾರ್ಖಾನೆಯ ಶಿಸ್ತಿನಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದು ಕೂಗುತ್ತಿದ್ದರು. ಕಾಡಿದ್ದು ಬೇರೆ. ಹನ್ನೊಂದು ಮಕ್ಕಳು, ಅವರ ಮನೆಗಳಲ್ಲಿ ಅಜ್ಜಿ ತಾತಂದಿರು, ಉಬ್ಬಸದ ಸರೋಜಮ್ಮ. ಗೋಡೆಯ ಕಡೆ ತಿರುಗಿ ಮಲಗಿದರೆ ಪುಸ್ತಕ ಮುಚ್ಚಿ ನನ್ನತ್ತ ನೋಡುವ ಅವರ ಮುಖವೇ ಕಾಣುತ್ತಿತ್ತು. ಫೋನು ಮೂರು ಸಲ ಕೈಗೆ ತೆಗೆದುಕೊಂಡು ಇಟ್ಟೆ. ನಾಲ್ಕನೆಯ ಸಲ ಮಾಡಿದೆ.

“ಟೀಚರ್, ನಂಗೆ ಕೊರೊನಾ ಬಂದಿದೆ. ಒಂದು ತಪ್ಪೂ ಮಾಡಿದೀನಿ,” ಎಂದೆ. “ಪಾಠ ಮಾಡೋವಾಗ ಮಾಸ್ಕ್ ತೆಗೀತಿದ್ದೆ. ನಿನ್ನೇನೂ ತೆಗೆದಿದ್ದೆ.”

“ಗೊತ್ತು ಕಣಮ್ಮ,” ಎಂದರು ಅವರು.

“ಮುನಿಯಮ್ಮ ಹೇಳಿದ್ಲಾ?”

“ಅವಳ್ಯಾಕೆ ಹೇಳ್ಬೇಕು. ಮಾಸ್ಕ್ ಇದ್ರೆ ನಿನ್ ಮಾತು ಕಂಬ್ಳಿ ಒಳಗಿಂದ ಬಂದಂಗಿರ್ತದೆ. ಹತ್ತು ಗಂಟೆ ಆಯ್ತು ಅಂದ್ರೆ ಊರಿಗೆಲ್ಲ ಕೇಳಿಸ್ತದೆ. ನಂಗೇನ್ ಕಿವಿ ಇಲ್ವಾ?”

“ಮತ್ತೆ ಯಾಕೆ ಟೀಚರ್ ಬೈಲಿಲ್ಲ?”

“ಬೈಬೇಕು ಅಂತ ಎರಡ್ ಸಾರಿ ಬಾಗ್ಲು ತಂಕ ಬಂದೆ. ಹುಡುಗ್ರು ಚೆಂದಾಗಿ ಮ ಅಂತಾ ಇದ್ವು. ತಿರ್ಗಿ ಹೋಗ್ಬುಟ್ಟೆ. ನಂಗೂ ಹೆದ್ರಿಕೆ ಕಣಮ್ಮ, ಅದುಕ್ಕೇ ಕುರ್ಚೀನ ಮರದ ಕೆಳಕ್ ಹಾಕ್ಕೊಂಡಿದ್ದು. ಈಗ ಸುಮ್ನೆ ಮಲಿಕ್ಕೊ. ನಾಳೆ ಎಲ್ಲಾರ್ಗೂ ಟೆಸ್ಟು ಮಾಡ್ತಾರೆ.”

ನಾನು ಅವರ ಕಣ್ಣು ತಪ್ಪಿಸಿ ಧೈರ್ಯ ಮಾಡುತ್ತಿದ್ದೇನೆಂದು ಬೀಗುತ್ತಿದ್ದೆ. ನಿಜವಾದ ಧೈರ್ಯ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿತ್ತು. ಫಲಿತಾಂಶ ಬರಲು ಮೂರು ದಿನ ಬೇಕಾಯಿತು. ಆ ಮೂರು ದಿನ ಏನು ತಿಂದೆ, ಎಷ್ಟು ನಿದ್ದೆ ಮಾಡಿದೆ ಒಂದೂ ನೆನಪಿಲ್ಲ. ಕೊನೆಗೆ ಫೋನು ಬಂತು. “ಯಾರ್ಗೂ ಇಲ್ಲ. ನಂಗೂ ಇಲ್ಲ,” ಎಂದು ಸರೋಜಮ್ಮ ಹೇಳಿದರು. ನಾನು ಅತ್ತೆ. ಅದು ಅವರಿಗೆ ಕೇಳಿಸಿರಬೇಕು. “ಕಿಟ್ಕಿಗೆ ಕಲ್ ಕೊಟ್ಟಿದ್ಯಲ್ಲ, ಅದು ಕಾಪಾಡ್ತು” ಎಂದರು. ಬೈಗುಳದ ಬದಲು ಅವರು ಅಷ್ಟನ್ನು ಹೇಳಿದ್ದು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಮೈ ಸರಿಹೋಗಿ ಶಾಲೆಗೆ ಬಂದಾಗ ರಾಜ್ಯಭಾರ ಬದಲಾಗಿತ್ತು. ಗೇಟಿನಲ್ಲಿ ಪಿಸ್ತೂಲು ಹಿಡಿದು ಮುನಿಯಮ್ಮ ನಿಂತಿದ್ದಳು. ಹೊಸ ಹೊಣೆಗಾರಳು ಅವಳೇ. ಹಣೆ ಮುಂದೆ ಚಾಚಿದೆ. ಅವಳು ಪಿಸ್ತೂಲನ್ನು ನೋಡಲೇ ಇಲ್ಲ. “ಇದೇನಾದ್ರೂ ಹೇಳ್ಕಳ್ಳಿ ಟೀಚರಮ್ಮ. ಗಂಟ್ಲು ಕೆರೀತದಾ ಇಲ್ವಾ, ಅದ್ ಹೇಳಿ ಒಳಕ್ ಬನ್ನಿ” ಎಂದಳು. ನಾಲ್ಕು ಪುಟದ ಸುತ್ತೋಲೆಯನ್ನು ಅವಳು ಓದಿರಲಿಲ್ಲ. ಓದಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಒಳಗೆ ಸರೋಜಮ್ಮ ಇನ್ನೊಂದು ಏರ್ಪಾಡು ಮಾಡಿದ್ದರು. ಅಕ್ಷರದ ಪಾಠ ಇನ್ನು ಮೇಲೆ ಬಯಲಿನಲ್ಲಿ. ಮಕ್ಕಳು ಹೊಂಗೆಮರದ ಕೆಳಗೆ ದೂರ ದೂರ ಕೂರಬೇಕು, ನಾನು ಅಷ್ಟು ದೂರದ ಧ್ವಜಕಟ್ಟೆಯ ಮೇಲೆ ನಿಂತು ಬಾಯಿ ತೆರೆದು ಕಲಿಸಬೇಕು. ಇಷ್ಟು ಸುಲಭದ ದಾರಿ, ಕನ್ನಡಿಯ ಮುಂದೆ ಅಷ್ಟೆಲ್ಲ ಪ್ರಯೋಗ ಮಾಡಿದ ನನ್ನ ತಲೆಗೆ ಯಾಕೆ ಬರಲಿಲ್ಲವೆಂದು ಕುತೂಹಲವಿದೆ. ಹೊಲಕ್ಕೆ ಹೋಗುವವರು ಬೇಲಿಯಾಚೆ ನಿಂತು ನಾನು ‘ಮ’ ಎಂದು ಕಿರಿಚುವುದನ್ನು ನೋಡಿ ನಗುತ್ತಿದ್ದರು. ನಾನು ಲಜ್ಜೆಗೆಟ್ಟು ಕಿರಿಚಿದೆ.

ಒಂದು ತಿಂಗಳ ಮೇಲೆ, ಮೇಲಿನವರು ಯಾರೋ ಶಾಲೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಅವರಿಗೆ ತೋರಿಸಲು ಒಂದು ಒಳ್ಳೆಯ ಉಕ್ತಲೇಖನವಿರಲಿ ಎಂದು ಧ್ವಜಕಟ್ಟೆಯ ಮೇಲೆ ನಿಂತು, ತುಟಿಗಳನ್ನು ಚೆನ್ನಾಗಿ ಕೂಡಿಸಿ ಹೇಳಿದೆ: ‘ನಮ್ಮ ಟೀಚರ್ ಯಾವಾಗಲೂ ಮಾಸ್ಕ್ ಹಾಕುತ್ತಾರೆ.’ ಮಕ್ಕಳು ತಲೆ ಬಗ್ಗಿಸಿ ಬರೆದರು. ನಂದಿನಿ ಮಾತ್ರ ಬರೆದು ಮುಗಿಸಿ ತಲೆಯೆತ್ತಿದಳು. ನನ್ನ ಬಾಯನ್ನೂ ತನ್ನ ಪುಸ್ತಕವನ್ನೂ ಎರಡೆರಡು ಸಲ ನೋಡಿದಳು.

“ಟೀಚರ್, ನೀವ್ ಹಾಕೇ ಇಲ್ವಲ್ಲ?”

“ಅದು ಬರೆಯೋಕೆ ಕಣಮ್ಮ,” ಎಂದೆ.

ಆ ಉತ್ತರ ಅವಳಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಆಚೆ ಕುರ್ಚಿಯಲ್ಲಿ ಕೂತಿದ್ದ ಸರೋಜಮ್ಮ ಹಾಜರಿ ಪುಸ್ತಕವನ್ನು ಮುಖದ ಹತ್ತಿರಕ್ಕೆ ಎತ್ತಿಕೊಂಡರು. ಅವರ ಭುಜ ಅಲುಗುತ್ತಿತ್ತು. ಪುಸ್ತಕಗಳನ್ನು ತಿದ್ದಿದೆ. ಹನ್ನೊಂದರಲ್ಲಿ ಹನ್ನೊಂದೂ ಸರಿ, ಒಂದು ಮ ಕೂಡ ತಪ್ಪಿರಲಿಲ್ಲ. ನನ್ನ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಇಂಥ ಉಕ್ತಲೇಖನ ಇದೇ ಮೊದಲು. ಅಕ್ಷರ ಅಕ್ಷರವೂ ಸರಿಯಿದ್ದ ಆ ಸುಳ್ಳಿನ ಕೆಳಗೆ ಹತ್ತಕ್ಕೆ ಹತ್ತು ಹಾಕಿ, ಹನ್ನೊಂದು ಸಲ ಸಹಿ ಮಾಡಿದೆ.