ನಾಗವ್ವನ ಸಾವು ಮತ್ತು ಅಡಿವೆಪ್ಪನ ಕೆಂಪು ಪೆನ್ನು

ಎಲೈ ವಾಗ್ದೇವಿಯೇ, ಕರಡುಪ್ರತಿಗಳ ಅಂಚಿನಲ್ಲಿ ನೆಲೆಸಿರುವ ತಾಯಿಯೇ, ಬರೆಯುವವರು ಹೆಚ್ಚಿ ಓದುವವರು ಕಡಿಮೆಯಾಗಿಹೋದ ಈ ಕಲಿಯುಗದಲ್ಲಿ, ಧಾರವಾಡವೆಂಬ ಸಾರಸ್ವತ ಪಟ್ಟಣದ ಒಂದು ಮಹಡಿಮನೆಯಲ್ಲಿ, ಒಂದು ಭಾನುವಾರ ಬೆಳಗಿನ ಉಪ್ಪಿಟ್ಟಿನೊಂದಿಗೆ ಮೊದಲಾಗಿ ಸಂಜೆಯ ಚಹಾದ ಹೊತ್ತಿಗೆ ಮುಗಿದ ಮಹಾಸಮರವನ್ನು ಹಾಡಲು ಹೊರಟಿದ್ದೇನೆ. ನನ್ನ ನಾಲಿಗೆಯ ಮೇಲೆ ಬಂದು ಕೂರು. ಬಹಳ ಹೊತ್ತು ಹಿಡಿಯುವುದಿಲ್ಲ.

ಆ ಸಮರದ ನಾಯಕನು ಯಾರೆಂದರೆ ಸಪ್ತಕಾದಂಬರೀಜನಕನೂ, ಸನ್ಮಾನಶಾಲುಭಾರನಮಿತಸ್ಕಂಧನೂ, ಧ್ವನಿವರ್ಧಕವನ್ನು ಒಮ್ಮೆ ಹಿಡಿದರೆ ಸಂಘಟಕರು ಚೀಟಿ ಕೊಡುವವರೆಗೆ ಬಿಡದವನೂ ಆದ ಅಡಿವೆಪ್ಪ ಹುಲಗೂರ. ಅವನ ಎದುರಾಳಿ ಯಾರೆಂದರೆ ಅದೇ ಅಡಿವೆಪ್ಪ ಹುಲಗೂರ, ಇಪ್ಪತ್ತೇಳು ವರ್ಷ ಚಿಕ್ಕವನು, ಪ್ರಶಸ್ತಿರಹಿತನು, ಒಂದೇ ಪುಸ್ತಕದ ಒಡೆಯನು.

ಕಲಹದ ಕಾರಣವಿದು. ಅಡಿವೆಪ್ಪನ ಮೊದಲ ಕಾದಂಬರಿಯನ್ನು ಮರುಮುದ್ರಿಸಲು ಪ್ರಕಾಶಕ ವಿರೂಪಾಕ್ಷಪ್ಪ ಮನಸ್ಸು ಮಾಡಿ, ಇನ್ನೂರ ಹನ್ನೆರಡು ಪುಟಗಳ ಕರಡನ್ನು ರಬ್ಬರ್ ಬ್ಯಾಂಡ್ ಬಿಗಿದು ಕಳಿಸಿದ್ದನು. ಸೋಮವಾರ ಬೆಳಿಗ್ಗೆ ಮಶೀನಿಗೆ ಹಾಕುವುದಿದೆ, ಅಚ್ಚಿನ ತಪ್ಪುಗಳಿದ್ದರೆ ಮಾತ್ರ ನೋಡಿ ಕೊಡಿ ಎಂದು ಮೇಲೊಂದು ಚೀಟಿಯಿತ್ತು. ಆದರೆ ಅಡಿವೆಪ್ಪನು ಭೀಷಣಪ್ರತಿಜ್ಞನು. ಬರೆದು ಮುಗಿಸಿದ್ದನ್ನು ತಾನು ತಿರುಗಿ ನೋಡುವವನಲ್ಲವೆಂದು ಅವನು ಸಾರದ ವೇದಿಕೆಯಿರಲಿಲ್ಲ, ಅದನ್ನು ಕೇಳಿ ಚಪ್ಪಾಳೆ ತಟ್ಟದ ಸಭೆಯಿರಲಿಲ್ಲ. ಅದು ವೈರಾಗ್ಯವೆಂದು ಜನ ತಿಳಿದರು. ನನ್ನನ್ನು ಕೇಳಿದರೆ ಅದು ಬರೀ ಹೆದರಿಕೆ.

ಯಾಕೆಂದರೆ ಅವನ ಎಂಟನೆಯ ಕಾದಂಬರಿ ನಾಲ್ಕನೆಯ ಅಧ್ಯಾಯದಲ್ಲಿ ಕಾಲುಮುರಿದುಕೊಂಡು ಬಿದ್ದು ಮೂರು ವರ್ಷಗಳಾಗಿದ್ದವು. ತಾನು ಇಷ್ಟು ವರ್ಷಗಳಲ್ಲಿ ಬೆಳೆದಿದ್ದೇನೆಂಬ ಒಂದೇ ನಂಬಿಕೆಯ ಮೇಲೆ ಅವನು ದಿನವೂ ಮೇಜಿನ ಮುಂದೆ ಕೂರುತ್ತಿದ್ದನು. ಹಳೆಯ ಪುಸ್ತಕ ಕೆಟ್ಟದಾಗಿದ್ದರೆ ಆ ನಂಬಿಕೆ ಉಳಿಯುತ್ತದೆ. ಒಳ್ಳೆಯದಾಗಿದ್ದರೆ ಏನೆಂದು ಅವನು ಯೋಚಿಸಲು ಹೋಗಿರಲಿಲ್ಲ.

ಸೋಮವಾರ ತಲೆಯ ಮೇಲೆ ಬಂದು ಕೂತಿದ್ದರಿಂದ ಪ್ರತಿಜ್ಞೆಯನ್ನು ಬದಿಗಿಟ್ಟು, ಆ ಪ್ರೌಢಗದ್ಯಗಜೇಂದ್ರನು ಕನ್ನಡಕವನ್ನು ಧೋತರದ ತುದಿಯಿಂದ ಒರೆಸಿ, ಶೋಣಿತವರ್ಣದ ಪೆನ್ನಿನ ಟೋಪಿ ತೆಗೆದು, ಕರಡಿನ ಕಟ್ಟನ್ನು ಕುರಿತು ಹೀಗೆ ಗರ್ಜಿಸಿದನು: “ಎಲೈ ಅಪಕ್ವಬುದ್ಧಿಯೇ, ವಿಶೇಷಣಲೋಲುಪನೇ! ನಿನ್ನ ತಪ್ಪುಗಳನ್ನು ಹೊತ್ತುಕೊಂಡು ನಾನು ಇಪ್ಪತ್ತೇಳು ವರ್ಷ ತಿರುಗಿದೆನು. ಇಂದು ನಿನ್ನ ವಾಕ್ಯಗಳ ತಲೆ ಉರುಳಿಸುವೆನು. ಉಳಿದದ್ದಕ್ಕೆ ನನ್ನ ಹೆಸರಿಟ್ಟುಕೊಳ್ಳುವೆನು.” ಕೆಳಗೆ ಅಡುಗೆಮನೆಯಲ್ಲಿದ್ದ ಹೆಂಡತಿ ಸುವರ್ಣಾ, ಫೋನಿನಲ್ಲಿ ಯಾರೋ ಇದ್ದಾರೆಂದು ತಿಳಿದು ಮಿಕ್ಸರ್ ಬಂದ್ ಮಾಡಿದಳು.

ಮೊದಲ ಗಳಿಗೆಯಲ್ಲೇ ವಿಜಯಲಕ್ಷ್ಮಿ ಹಿರಿಯ ಅಡಿವೆಪ್ಪನ ಕಡೆ ವಾಲಿದಳು. ಕಿರಿಯನ ಸೈನ್ಯದಲ್ಲಿ ಚಂದ್ರನೇ ಹನ್ನೊಂದು ಸಲ ಉದಯಿಸಿದ್ದನು, ಹನ್ನೊಂದು ಸಲವೂ ಬೆಳ್ಳಿಯ ತಟ್ಟೆಯಾಗಿಯೇ. ನಾಯಕಿಯ ಕಣ್ಣುಗಳು ಪುಟಕ್ಕೊಮ್ಮೆ ತುಂಬಿ ಬರುತ್ತಿದ್ದವು, ಆ ಹುಡುಗಿಯನ್ನು ಒಮ್ಮೆ ದವಾಖಾನೆಗೆ ತೋರಿಸಬೇಕಾಗಿತ್ತು. ಅಡಿವೆಪ್ಪನು ಚಂದ್ರರನ್ನು ಕೆಡವಿದನು, ಕಣ್ಣೀರನ್ನು ಒಣಗಿಸಿದನು, ‘ಅನಿರ್ವಚನೀಯ’ಗಳನ್ನು ಕಂಡಕಂಡಲ್ಲಿ ತರಿದನು. ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತಮೂರು ಕಡೆ ಕೆಂಪು ಗೀಟು ಬಿದ್ದಿತ್ತು. ಊಟಕ್ಕೆ ಇಳಿದು ಬಂದವನ ಮುಖದಲ್ಲಿ ಎಂತಹ ಕಳೆಯಿತ್ತೆಂದರೆ ಸುವರ್ಣಾ ಯಾವ ಪ್ರಶಸ್ತಿ ಬಂತೆಂದು ಕೇಳಿದಳು.

ಊಟವಾದ ಮೇಲೆ ನೂರಾ ನಲವತ್ತನೆಯ ಪುಟದಲ್ಲಿ ಅನಾಹುತ ಕಾದಿತ್ತು. ಅಲ್ಲಿ ನಾಗವ್ವನೆಂಬ ಮುದುಕಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅಡಿವೆಪ್ಪನ ಕೈ ನಿಂತಿತು. ಅವನು ಗಡಬಡಿಸಿ ಹಿಂದಕ್ಕೆ ಹಾಳೆ ತಿರುವಿದನು. ಅರವತ್ತೊಂದನೆಯ ಪುಟದಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ನಾಗವ್ವ ಜ್ವರ ಬಂದು ತೀರಿಕೊಂಡಿದ್ದಳು. ಊರವರು ಮಣ್ಣು ಕೊಡಲು ಬಂದು ಹೋಗಿದ್ದರು.

ಆಗ ಅವನಿಗೆ ಒಂದು ವಿಚಾರಸಂಕಿರಣ ನೆನಪಾಯಿತು. ಅಲ್ಲೊಬ್ಬ ಸಂಶೋಧಕಿ ನಾಗವ್ವನ ಮರಳುವಿಕೆಯಲ್ಲಿ ಮೃತ್ಯುವನ್ನು ಮೀರಿದ ಆದಿಮಾತೆಯನ್ನು ಕಂಡು ಹನ್ನೊಂದು ಪುಟದ ಪ್ರಬಂಧ ಓದಿ, ಇದು ತಾವು ಬೇಕೆಂದೇ ಮಾಡಿದ್ದೋ ಎಂದು ಅವನನ್ನು ಕೇಳಿದ್ದಳು. ಪುಸ್ತಕದ ತಲೆಬುಡ ನೆನಪಿಲ್ಲದ ಅಡಿವೆಪ್ಪನು ಕಣ್ಣು ಮುಚ್ಚಿ, ತೆರೆದು, ಅದು ಓದುಗರಿಗೆ ಬಿಟ್ಟದ್ದು ಎಂದಿದ್ದನು. ಸಭೆ ತಲೆದೂಗಿತ್ತು. ನಿಜ ಇಷ್ಟೇ: ಮುದುಕಿಯನ್ನು ಕೊಂದದ್ದು, ಪುಸ್ತಕ ಬರೆದ ಆ ಹುಡುಗ ಅಡಿವೆಪ್ಪನಿಗೆ ಮರೆತುಹೋಗಿತ್ತು.

ಕೊಲ್ಲಲು ಇದಕ್ಕಿಂತ ಒಳ್ಳೆಯ ಬಲಿ ಸಿಗುವುದಿಲ್ಲವೆಂದು ಅಡಿವೆಪ್ಪನು ಪೆನ್ನೆತ್ತಿದನು. ಆದರೆ ಎಲ್ಲಿಂದ ಎಲ್ಲಿಯವರೆಗೆ ಹೊಡೆದುಹಾಕಬೇಕೆಂದು ತಿಳಿಯಲು ಪುಟವನ್ನು ಪೂರ್ತಿ ಓದಲೇಬೇಕಾಯಿತು. ನಾಗವ್ವ ಮೊಮ್ಮಗನಿಗೆ ಕೊನೆಯ ರೊಟ್ಟಿ ಕೊಟ್ಟು, ತನ್ನದು ಆಗಲೇ ಆಯಿತೆಂದಳು. ಅವನು ಎದ್ದು ಹೋದ ಮೇಲೆ ಬೆರಳನ್ನು ನೀರಲ್ಲಿ ಅದ್ದಿ, ಹಲಗೆಗೆ ಅಂಟಿದ್ದ ಜೋಳದ ಹಿಟ್ಟನ್ನು ಒರೆಸಿ ಒರೆಸಿ ಬಾಯಿಗೆ ಹಾಕಿಕೊಂಡಳು. ಬಾಗಿಲಲ್ಲಿ ಬೆಕ್ಕು ನೋಡುತ್ತಿತ್ತು. ಯಾರಿಗೂ ಹೇಳಬೇಡ ಎಂದಳು. ಅಷ್ಟೇ. ಚಂದ್ರನಿರಲಿಲ್ಲ, ಕಣ್ಣೀರಿರಲಿಲ್ಲ.

ಅಡಿವೆಪ್ಪನು ಅದನ್ನು ಮೂರು ಸಲ ಓದಿದನು. ಮೊದಲ ಸಲ ಓದಿ ಪೆನ್ನಿಗೆ ಟೋಪಿ ಹಾಕಿದನು. ಎರಡನೆಯ ಸಲ, ಇದನ್ನು ಬರೆದ ಆ ಹುಡುಗನ ಮೇಲೆ ಕೆಟ್ಟ ಹೊಟ್ಟೆಕಿಚ್ಚಾಯಿತು. ಮೂರನೆಯ ಸಲ, ಇಂತಹ ಒಂದು ಪುಟವನ್ನು ತಾನು ಈಗ ಬರೆಯಲಾರೆನೆಂದು ಗೊತ್ತಾಯಿತು.

ಗದ್ಯಗಜೇಂದ್ರನು ಗ್ರಾಂಥಿಕವನ್ನೆಲ್ಲ ಮಹಡಿಯಲ್ಲೇ ಬಿಟ್ಟು, ಕರಡು ಹಿಡಿದು ಕೆಳಗಿಳಿದನು. ಸುವರ್ಣಾ ಒಣಗಿದ ಬಟ್ಟೆ ಮಡಚುತ್ತಿದ್ದಳು.

“ನಾಗವ್ವ ಅರವತ್ತೊಂದನೇ ಪುಟದಾಗ ಸತ್ತಾಳ, ನೂರಾ ನಲವತ್ತರಾಗ ರೊಟ್ಟಿ ಬಡಿಯಾಕತ್ತಾಳ. ನೀ ಇದನ್ನ ಓದಿದ್ದಿಲ್ಲೇನು?”

“ಓದಿದ್ದೆ. ಆಕಿ ಸತ್ತಾಗ ನನಗ ಭಾಳ ಕೆಟ್ಟ ಅನಿಸಿತ್ತು. ಮುಂದ ಬಂದ್ಲಲ್ಲ, ಛಲೋ ಆತು ಅಂತ ಸುಮ್ನಾದೆ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಆಕಿನ್ನ ಮತ್ತ ಸಾಯಿಸ್ತಿದ್ರಿ.”

ವೀರನು ಕರಡಿನ ಕಟ್ಟಿಗೆ ಮತ್ತೆ ರಬ್ಬರ್ ಬ್ಯಾಂಡ್ ಬಿಗಿದನು. ಆದರೂ ಅಡಿವೆಪ್ಪನು ಅಲ್ಲಿಂದ ಹೋಗಲಿಲ್ಲ. ಎಂಟನೆಯ ಕಾದಂಬರಿಯ ನಾಲ್ಕು ಅಧ್ಯಾಯಗಳನ್ನು ಹೋದ ದೀಪಾವಳಿಗೆ ಅವಳ ಕೈಗೆ ಕೊಟ್ಟಿದ್ದನು. ಅವಳು ಓದಿ ವಾಪಸ್ಸು ಕೊಟ್ಟಿದ್ದಳು, ಏನೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಈಗ ಕೇಳಿದನು. ಹೊಸದು ಹೆಂಗದ?

ಸುವರ್ಣಾ ಟವೆಲ್ಲಿನ ಅಂಚು ಸರಿಮಾಡಿ ಮಡಚಿಟ್ಟಳು. ಅವಳ ಮನಸ್ಸಿನಲ್ಲಿ ಕೊಂಕಿರಲಿಲ್ಲ, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

“ಅದರಾಗ ತಪ್ಪ ಏನೂ ಇಲ್ರಿ,” ಎಂದಳು.

ಅಡಿವೆಪ್ಪನು ಮಹಡಿ ಹತ್ತಿದನು. ತಪ್ಪಾಗಿ ಹೊಡೆದುಹಾಕಿದ ಪದವನ್ನು ಉಳಿಸಬೇಕಾದರೆ ಕರಡು ತಿದ್ದುವವರು ಅದರ ಕೆಳಗೆ ಚುಕ್ಕೆಗಳನ್ನಿಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯುತ್ತಾರೆ. ಅವನು ಮೊದಲ ಪುಟದಿಂದ ಹಿಡಿದು ಎಪ್ಪತ್ತಮೂರು ಕಡೆಯೂ ಚುಕ್ಕೆಯಿಟ್ಟು ‘ಇರಲಿ’ ಎಂದು ಬರೆದನು. ಚಂದ್ರರೂ ಬದುಕಿಕೊಂಡರು. ಯಾವ ಚಂದ್ರನನ್ನು ಕಿತ್ತರೆ ಆ ರೊಟ್ಟಿಯ ಪುಟ ಕುಸಿಯುತ್ತದೋ ಅವನಿಗೆ ತಿಳಿಯದಾಗಿತ್ತು. ನಾಗವ್ವ ಸತ್ತಲ್ಲಿ ಸತ್ತಳು, ಬಂದಲ್ಲಿ ಬಂದಳು.

ಕಟ್ಟಿನ ಕೊನೆಗೆ ಹಿಂಬದಿಯ ರಕ್ಷಾಪುಟದ ಕರಡಿತ್ತು. ಹಳೆಯ ಒಕ್ಕಣೆಯನ್ನೇ ಮತ್ತೆ ಹಾಕಿದ್ದರು: ‘ಅಡಿವೆಪ್ಪ ಹುಲಗೂರ, ಭರವಸೆಯ ಯುವ ಲೇಖಕ.’ ಅಡಿವೆಪ್ಪನು ‘ಯುವ’ ಎಂಬುದನ್ನು ಹೊಡೆದನು. ಸ್ವಲ್ಪ ಹೊತ್ತು ಬಿಟ್ಟು ‘ಭರವಸೆಯ’ ಎಂಬುದನ್ನೂ ಹೊಡೆದನು. ಕೈ ಅಲ್ಲಿಗೆ ನಿಲ್ಲದೆ ಉಳಿದ ಒಂದು ಪದದ ಮೇಲೂ ಗೀಟೆಳೆಯಿತು.

ಕೆಳಗಿನಿಂದ ಸುವರ್ಣಾ ಚಹಾ ಆರುತ್ತಿದೆಯೆಂದು ಕೂಗಿದಳು. ಬಂದೆ ಎಂದನು, ಬರಲಿಲ್ಲ. ಇನ್ನೊಮ್ಮೆ ಕೂಗಿದ ಮೇಲೆ, ‘ಲೇಖಕ’ ಎಂಬುದರ ಕೆಳಗೆ ಒಂದೊಂದಾಗಿ ಚುಕ್ಕೆಗಳನ್ನಿಟ್ಟು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಇರಲಿ’ ಎಂದು ಬರೆದು ಎದ್ದನು.